ಕಿವಿಯ ಗುರುತು

ತಂಗಿ ಹೋದ ಸುದ್ದಿ ಬಂದಾಗ ಡಾಕ್ಟರಮ್ಮನ ಎರಡೂ ಕೈ ಒಂದು ನಾಯಿಯ ಹೊಟ್ಟೆಯೊಳಗಿದ್ದವು.

ಬೆಳಗಿನ ಹೊತ್ತು. ನಾಯಿ ಶೆಲ್ಟರಿನ ಆಪರೇಷನ್ ಕೋಣೆಯಲ್ಲಿ ಮೂರು ಮೇಜು, ಮೂರರ ಮೇಲೂ ಬೀದಿಯಿಂದ ಹಿಡಿದು ತಂದ ಹೆಣ್ಣು ನಾಯಿಗಳು, ಸುತ್ತ ಪಶುವೈದ್ಯ ಕಾಲೇಜಿನ ಕೊನೆಯ ವರ್ಷದ ಮಕ್ಕಳು. ಬೀದಿ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡುವುದನ್ನು ಅವರು ಕಲಿಯುತ್ತಿದ್ದುದು ಇಲ್ಲೇ. ಪುಸ್ತಕದಲ್ಲಿ ಓದಿದ ಹೊಟ್ಟೆಗೂ ಮೇಜಿನ ಮೇಲಿರುವ ಹೊಟ್ಟೆಗೂ ಎಷ್ಟು ದೂರ ಎಂಬುದು ಇಲ್ಲಿಗೆ ಬಂದ ಮೇಲೇ ಅವರಿಗೆ ತಿಳಿಯುತ್ತಿತ್ತು. ಕಲಿಸುವವರು ಡಾಕ್ಟರಮ್ಮ. ದಾರದ ಗಂಟಿನ ವಿಷಯದಲ್ಲಿ ಅವರದು ಎಂಥ ಕಟ್ಟುನಿಟ್ಟೆಂದರೆ, ಮಕ್ಕಳು ಬೆನ್ನ ಹಿಂದೆ ಅವರನ್ನು ಗಂಟಮ್ಮ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದರು.

ಕೈಗೆ ಗವುಸು ತೊಟ್ಟ ಮೇಲೆ ಫೋನು ಮುಟ್ಟುವಂತಿಲ್ಲ. ಪಕ್ಕದ ಮೇಜಿನಲ್ಲಿ ಇನ್ನೂ ಕೊಯ್ಯದ ಒಂದು ಕಂದು ನಾಯಿಯನ್ನು ಸಿದ್ಧಮಾಡುತ್ತಿದ್ದ ಪುಟ್ಟ ಮೈಯ ಹುಡುಗಿ, ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದವಳು, ಕೈ ಒರೆಸಿಕೊಂಡು ಬಂದು ಫೋನನ್ನು ಅವರ ಕಿವಿಗೆ ಹಿಡಿದಳು. ಕರೆ ತಂಗಿಯ ಫೋನಿನಿಂದಲೇ ಬಂದಿತ್ತು. ಮಾತಾಡಿದ್ದು ಯಾರೋ ಗಂಡಸು.

"ಡಾಕ್ಟ್ರೇ, ನಾನು ಬಣ್ಣಗಾರರ ಬೀದಿ ದರ್ಜಿ. ನಾಯಿ ಅಕ್ಕ ನಮ್ಮಂಗಡಿ ಮೆಟ್ಟಿಲ ಮೇಲೆ ಕೂತಿದ್ರು. ಎಬ್ಬಿಸ್ತಾ ಇದೀವಿ, ಏಳ್ತಾ ಇಲ್ಲ."

ಡಾಕ್ಟರಮ್ಮ ಅಳಲಿಲ್ಲ. ಕೈಯಲ್ಲಿದ್ದ ಗಂಟನ್ನು ಪೂರ್ತಿ ಬಿಗಿದರು. ಎದುರಿಗಿದ್ದ ಕಿರಿಯ ಡಾಕ್ಟರಿಗೆ, ಹೊಟ್ಟೆ ತೆರೆದವನ್ನು ಮುಗಿಸಿ, ತೆರೆಯದವನ್ನು ಹಾಗೇ ಎಬ್ಬಿಸಿಬಿಡಿ ಎಂದು ಹೇಳಿ ಹೊರಟರು. ಗುಬ್ಬಿಯೂ ಜೊತೆಗೆ ಹೊರಟಳು. ಯಾರೂ ಅವಳನ್ನು ಕರೆದಿರಲಿಲ್ಲ. ಫೋನು ಅವಳ ಕೈಯಲ್ಲೇ ಉಳಿದಿತ್ತು, ಆ ಕೈ ಇನ್ನೂ ಡಾಕ್ಟರಮ್ಮನ ಕಿವಿಯ ಬಳಿಯೇ ಇತ್ತು.

ಹೃದಯ ನಿಂತುಹೋಗಿದೆ ಎಂದರು ಆಸ್ಪತ್ರೆಯವರು. ಅಂತ್ಯಕ್ರಿಯೆ ಮರುದಿನ ಮುಗಿಯಿತು.

ಅಕ್ಕ ತಂಗಿ ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಬಾಳಿದವರು. ಅಕ್ಕ ಓದಿ ಡಾಕ್ಟರಾದರು. ತಂಗಿಗೆ ಕಾಲೇಜಿನ ಬೆಂಚು ಒಗ್ಗಲಿಲ್ಲ. ಯಾವ ಬೆಂಚೂ ಒಗ್ಗಲಿಲ್ಲ. ಶೆಲ್ಟರನ್ನು ಕಟ್ಟಿ ನಿಲ್ಲಿಸಿದವಳು ಅವಳೇ. ಬೀದಿ ಬೀದಿ ಸುತ್ತಿ, ಬಾಗಿಲು ಬಡಿದು, ಬೈಸಿಕೊಂಡು, ನಿಮ್ಮ ಬೀದಿಯ ನಾಯಿಯನ್ನು ನಮಗೆ ಕೊಡಿ, ಆಪರೇಷನ್ ಮಾಡಿ ಇದೇ ಮೂಲೆಗೆ ತಂದು ಬಿಡುತ್ತೇವೆ ಎಂದು ಜನರನ್ನು ಒಪ್ಪಿಸುತ್ತಿದ್ದಳು. ವಿದ್ಯಾರ್ಥಿಗಳನ್ನೂ ಬೆನ್ನಿಗೆ ಹಾಕಿಕೊಂಡು ತಿರುಗುತ್ತಿದ್ದಳು. ನಾಯಿಗಿಂತ ಮೊದಲು ನಾಯಿಗೆ ಅನ್ನ ಹಾಕುವವರನ್ನು ಮಾತಾಡಿಸಲು ಕಲಿಯಿರಿ ಎನ್ನುವಳು. ಹೀಗೆ ಊರಿಗೆಲ್ಲ ಅವಳು ನಾಯಿ ಅಕ್ಕ ಆದಳು.

ಈಗ ಮನೆ ತುಂಬ ನೆಂಟರು. ವಾರ ಕಳೆದ ಮೇಲೆ ಒಂದು ದಿನ ಎಲ್ಲರೂ ಸೇರಿ ಪ್ರಾರ್ಥನೆ ಮಾಡುವುದೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಡಾಕ್ಟರಮ್ಮ ಮನೆಯಲ್ಲೇ ಇರಬೇಕು, ಬಂದವರಿಗೆ ಮುಖ ಕೊಡಬೇಕು. ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗುವರು, ಯಾಕೆ ಬಂದೆ ಎಂದು ಮರೆಯುವರು. ಬಾಗಿಲ ಹತ್ತಿರ ತಂಗಿಯ ಚಪ್ಪಲಿ ಕಂಡು ಅದನ್ನು ಒಳಗಿಡುವರು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಗಿಡುವರು. ಅವರು ಚಿಕ್ಕಂದಿನಿಂದ ದೈವಭಕ್ತಿಯುಳ್ಳವರು. ಬೆಳಿಗ್ಗೆ ಸಂಜೆ ದೇವರ ಮುಂದೆ ಕೂರದೆ ಇದ್ದ ದಿನವಿಲ್ಲ. ಈಗ ಕೂತರೆ ಮೊದಲ ಮಾತು ಬರುತ್ತಿತ್ತು, ಎರಡನೆಯದು ಬರುವ ಮೊದಲೇ ಮನಸ್ಸು ಬಾಗಿಲು ತೆಗೆದುಕೊಂಡು ಬೀದಿಗೆ ಹೋಗಿಬಿಡುತ್ತಿತ್ತು. ಎಳೆದು ತಂದು ಕೂರಿಸಿದರೆ ಮತ್ತೆ ಹೋಗುತ್ತಿತ್ತು.

ಸೋದರತ್ತೆಗೆ ಇದು ಸರಿಬೀಳಲಿಲ್ಲ.

"ಒಂದು ಕಡೆ ಕೂತ್ಕೊಳ್ಳೇ," ಎಂದರು. "ಅವಳು ಕಾಲಿಗೆ ಚಕ್ರ ಕಟ್ಕೊಂಡು ತಿರುಗಿ ತಿರುಗಿ ಹೋದ್ಲು. ಆ ಚಕ್ರ ಈಗ ನೀನು ಕಟ್ಕೊಂಡ್ಯಾ?"

ತಂಗಿ ಓಡಿಸುತ್ತಿದ್ದ ಶೆಲ್ಟರಿನ ವ್ಯಾನು ಬಣ್ಣಗಾರರ ಬೀದಿಯ ಕೊನೆಯಲ್ಲಿ ನಿಂತಲ್ಲೇ ನಿಂತಿತ್ತು. ಅದರ ಕೀಲಿ ಎಲ್ಲಿಯೂ ಸಿಕ್ಕಿರಲಿಲ್ಲ. ಚೀಲದಲ್ಲಿಲ್ಲ, ಮೇಜಿನಲ್ಲಿಲ್ಲ. ಡಾಕ್ಟರಮ್ಮ ಬಾಯಿಮಾತಿಗೆ ಹುಡುಕಿಸೋಣ ಎಂದರೂ ಒಳಗೊಳಗೆ ಸಿಗದಿದ್ದರೇ ಒಳ್ಳೆಯದೆಂದು ಎಣಿಸಿದ್ದರು. ಆ ವ್ಯಾನಿನಲ್ಲಿ ತಂಗಿಯಿಲ್ಲದೆ ಇನ್ಯಾರೋ ಕೂತಿರುವುದನ್ನು ನೋಡುವ ಧೈರ್ಯ ಅವರಿಗಿರಲಿಲ್ಲ.

ಪ್ರಾರ್ಥನೆಗೆ ಇನ್ನೆರಡು ದಿನವಿರುವಾಗ ಗುಬ್ಬಿ ಬಂದಳು. ನೆಂಟರ ಮುಂದೆ ಕೂತು ಕೊಟ್ಟ ನೀರು ಕುಡಿದಳು, ಎದ್ದಳು, ಮತ್ತೆ ಕೂತಳು. ಡಾಕ್ಟರಮ್ಮನಿಗೆ ತಮ್ಮಂಥದೇ ಇನ್ನೊಂದು ಜೀವ ಕಂಡಂತಾಯಿತು. ಹಿತ್ತಿಲಿಗೆ ಕರೆದುಕೊಂಡು ಹೋದರು.

ಅಲ್ಲಿ ಅವಳು ಹೇಳಿದ್ದು ಇದು. ಶೆಲ್ಟರಿನಲ್ಲಿ ಆಪರೇಷನ್ ಆದ ಪ್ರತಿ ನಾಯಿಯ ಗರ್ಭಕೋಶವನ್ನೂ ಔಷಧದ ಡಬ್ಬದಲ್ಲಿ ಹಾಕಿಡುತ್ತಾರೆ. ತಿಂಗಳ ಕೊನೆಗೆ ಅವನ್ನು ಎಣಿಸಿ, ಬೀದಿಗೆ ಬಿಟ್ಟ ಹೆಣ್ಣು ನಾಯಿಗಳ ಲೆಕ್ಕದೊಡನೆ ತಾಳೆ ನೋಡಿ, ಆಮೇಲೆ ಹೂಳುತ್ತಾರೆ. ಈ ಸಲ ಎಣಿಸಿದಾಗ ಡಬ್ಬದಲ್ಲಿ ಒಂದು ಕಡಿಮೆ ಬಂತು. ಎರಡು ಸಲ ಎಣಿಸಿದರೂ ಕಡಿಮೆಯೇ. ಹುಡುಗರು, ಎಣಿಸುವುದರಲ್ಲಿ ತಪ್ಪಿರಬೇಕು ಎಂದು ಕೈ ತೊಳೆದುಕೊಂಡರು. ಗುಬ್ಬಿಗೆ ಮಾತ್ರ ಆಗ ಕಂದು ನಾಯಿಯ ನೆನಪಾಯಿತು.

ಆಪರೇಷನ್ ಆದ ನಾಯಿಗೆ ಮಂಪರಿನಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ಚೂರು ಕತ್ತರಿಸುವುದು ಎಲ್ಲ ಶೆಲ್ಟರುಗಳ ಪದ್ಧತಿ. ದೂರದಿಂದ ನೋಡಿದರೂ ಇದಕ್ಕೆ ಆಗಿದೆ, ಮತ್ತೆ ಹಿಡಿಯಬೇಕಿಲ್ಲ ಎಂದು ತಿಳಿಯಲಿ ಎಂದು. ಅದು ಎಲ್ಲಕ್ಕೂ ಕೊನೆಯ ಕೆಲಸ. ಹೊಟ್ಟೆ ಹೊಲಿದ ಮೇಲೆ ಕಿವಿ. ಆದರೆ ಸಾವಿನ ಹಿಂದಿನ ವಾರ ಗುಬ್ಬಿ ಒಂದು ನಾಯಿಯ ಕಿವಿಯನ್ನು ಮರೆತಿದ್ದಳು. ಅದನ್ನು ಮತ್ತೆ ಹಿಡಿದು ತಂದರು, ಮತ್ತೆ ಮಲಗಿಸಿದರು, ಕೂದಲು ತೆಗೆದಾಗ ಹೊಲಿಗೆ ಕಂಡಿತು. ಅಂದು ಡಾಕ್ಟರಮ್ಮ ಎಲ್ಲರ ಮುಂದೆ ಅವಳ ನೀರಿಳಿಸಿದ್ದರು. ಇನ್ನು ಜನ್ಮದಲ್ಲಿ ಮರೆಯಬಾರದೆಂದು ಗುಬ್ಬಿ ಮರುವಾರ ಕಂದು ನಾಯಿಯ ಕಿವಿಯನ್ನು ಮೊದಲೇ ಕತ್ತರಿಸಿಬಿಟ್ಟಳು. ಆಗಲೇ ಫೋನು ಬಂತು. ಕಂದು ನಾಯಿ ಕೊಯ್ಯದೆ ಎದ್ದಿತು. ಗೂಡಿನ ಮೂಲೆ ಸೇರಿ, ಹತ್ತಿರ ಬಂದವರಿಗೆಲ್ಲ ಹಲ್ಲು ತೋರಿಸಿತು. ಹೊಟ್ಟೆ ನೋಡಲು ಯಾರಿಗೂ ಬಿಡಲಿಲ್ಲ. ಸಾವಿನ ಗಡಿಬಿಡಿಯಲ್ಲಿ ಬಿಡುವವರು ಕಿವಿ ನೋಡಿದರು, ಬೇರೆ ಗಾಡಿಯಲ್ಲಿ ಒಯ್ದು ಬೀದಿಯಲ್ಲಿ ಬಿಟ್ಟರು.

ಬಯ್ಗುಳ ಬೀಳುತ್ತದೆಂದು ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಡಾಕ್ಟರಮ್ಮ ಯಾವ ಬೀದಿಯ ನಾಯಿ ಎಂದು ಮಾತ್ರ ಕೇಳಿದರು.

"ಬಣ್ಣಗಾರರ ಬೀದಿದು ಮೇಡಂ. ದರ್ಜಿ ಅಂಗಡಿ ಹತ್ರದ್ದು."

ಡಾಕ್ಟರಮ್ಮ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

ಆ ನಾಯಿ ಯಾವುದೆಂದು ಅವರಿಗೆ ಗೊತ್ತಿತ್ತು. ಅದನ್ನು ಹಿಡಿದು ತಂದ ಸಂಜೆ ತಂಗಿ ಊಟಕ್ಕೆ ಕೂತು ಅದರ ಕತೆಯನ್ನೇ ಹೇಳಿದ್ದಳು. ಸುರುಳಿ ಸುತ್ತಿಕೊಂಡು ಮಲಗುತ್ತದೆಂದು ದರ್ಜಿ ಅದಕ್ಕೆ ರೀಲು ಎಂದು ಹೆಸರಿಟ್ಟಿದ್ದ. ರೀಲು ಹಾಕಿದ ಮರಿಗಳೆಲ್ಲ ಅವನ ಅಂಗಡಿಯ ಮುಂದೆಯೇ ಗಾಡಿಗಳ ಚಕ್ರಕ್ಕೆ ಸಿಕ್ಕು ಸತ್ತಿದ್ದವು. ಎತ್ತಿ ಹೂಳಿದವನು ಅವನೇ. ಆದರೂ ಅವನು ಆಪರೇಷನ್ನಿಗೆ ಒಪ್ಪಿರಲಿಲ್ಲ. ಕೊಯ್ದ ನಾಯಿ ಉಳಿಯುವುದಿಲ್ಲ, ಶೆಲ್ಟರಿನವರು ಎಲ್ಲೋ ದೂರ ಬಿಟ್ಟುಬರುತ್ತಾರೆ ಎಂದು ಬೀದಿಯಲ್ಲೆಲ್ಲ ಮಾತಿತ್ತು. ತಂಗಿ ಬಿಡದೆ ಹೋಗಿ ಹೋಗಿ, ಅವನ ಮೆಟ್ಟಿಲು ಸವೆಸಿ, ಕೊನೆಗೆ ಒಂದು ಮಾತು ಕೊಟ್ಟಿದ್ದಳು: ಇನ್ನೊಂದು ಸಲ ನೀವು ಇದರ ಮರಿಗಳನ್ನು ಎತ್ತುವ ಹಾಗಾಗುವುದಿಲ್ಲ, ಇದು ನನ್ನ ಮಾತು. ಬೀದಿಯೆಲ್ಲ ನೋಡುತ್ತಿತ್ತು. ರೀಲು ಚೆನ್ನಾಗಿ ಬಂದರೆ ಉಳಿದವರೂ ತಮ್ಮ ತಮ್ಮ ನಾಯಿ ಕೊಡುವವರಿದ್ದರು. ನಾಯಿ ಕ್ಷೇಮವಾಗಿದೆ ಎಂದು ತಿಳಿಸಲೆಂದೇ ತಂಗಿ ಆ ಬೆಳಿಗ್ಗೆ ಅಲ್ಲಿಗೆ ಹೋಗಿದ್ದು.

ತಂಗಿ ಈ ಲೋಕದಲ್ಲಿ ಕೊಟ್ಟ ಕೊನೆಯ ಮಾತು ಅದು. ಇನ್ನು ಆ ಕತ್ತರಿಸಿದ ಕಿವಿ ಹೊತ್ತ ನಾಯಿ ಮರಿ ಹಾಕಿದರೆ ಆ ಮಾತು ಸುಳ್ಳಾಗುತ್ತದೆ. ಕಿವಿಯ ಗುರುತು ನೋಡಿ ಯಾರೂ ಅದನ್ನು ಮತ್ತೆ ಹಿಡಿಯುವುದಿಲ್ಲ. ಡಾಕ್ಟರಮ್ಮನಿಗೆ ತಂಗಿ ಸತ್ತದ್ದಕ್ಕಿಂತ ಇದು ತಾಳಲಾರದ್ದಾಗಿ ಕಂಡಿತು, ಹಾಗೆ ಕಂಡಿದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಬೆಳಕು ಹರಿಯುತ್ತಲೇ ಅವರು ಚಪ್ಪಲಿ ಮೆಟ್ಟಿದರು. ನಾಳೆ ಪ್ರಾರ್ಥನೆ ಇಟ್ಟುಕೊಂಡು ಇವತ್ತು ನಾಯಿ ಹುಡುಕಲು ಹೋಗುವವರುಂಟೇ ಎಂದು ಸೋದರತ್ತೆ ಬಾಗಿಲಿಗೆ ಅಡ್ಡ ನಿಂತರು. ಪ್ರಾರ್ಥನೆಗೇ ಹೋಗುತ್ತಿದ್ದೇನೆ ಅತ್ತೆ ಎಂದು ಹೇಳಿ ಇವರು ಪಕ್ಕದಿಂದ ನುಸುಳಿದರು.

ಬಣ್ಣಗಾರರ ಬೀದಿಯಲ್ಲಿ ಅದ್ದಿ ತೆಗೆದ ಬಟ್ಟೆಗಳು ಹಗ್ಗದ ಮೇಲೆ ತೊಟ್ಟಿಕ್ಕುತ್ತಿದ್ದವು. ಚರಂಡಿಯಲ್ಲಿ ಒಂದು ಕಡೆ ನೀಲಿ, ಒಂದು ಕಡೆ ಕೆಂಪು ನೀರು. ದರ್ಜಿ ಅಂಗಡಿಯಲ್ಲೇ ಇದ್ದ, ಕಾಲಲ್ಲಿ ಮೆಷಿನ್ನು ತುಳಿಯುತ್ತ. ರೀಲು ಎಲ್ಲಿ ಎಂದು ಕೇಳಿದರೆ ಸೂಜಿಯಿಂದ ಕಣ್ಣೆತ್ತದೆ, ಕಂಡಿಲ್ಲ ಎಂದ. ಅಂದು ಫೋನಿನಲ್ಲಿ ಕೇಳಿದ ದನಿ ಅದೇ. ಡಾಕ್ಟರಮ್ಮನ ಕಾಲು ಅಲ್ಲಿ ನಿಲ್ಲಲಿಲ್ಲ. ಆ ಮೆಟ್ಟಿಲನ್ನು ನೋಡದೆ ಮುಂದೆ ನಡೆದರು.

ಹುಡುಕುವುದೆಂದರೆ ಎಲ್ಲಿ ಹುಡುಕುವುದು. ಆ ಬೀದಿಯಲ್ಲಿ ಕಿವಿ ಕತ್ತರಿಸದ ನಾಯಿಗಳೇ ಹೆಚ್ಚು, ಆದರೆ ಅಕ್ಕಪಕ್ಕದ ಬೀದಿಗಳಲ್ಲಿ ಎಲ್ಲಕ್ಕೂ ಗುರುತು, ಕಂದು ಬಣ್ಣದವೇ ಬೇಕಾದಷ್ಟು. ಇಷ್ಟು ವರ್ಷ ಆ ಗುರುತನ್ನು ಕಂಡರೆ ಡಾಕ್ಟರಮ್ಮನಿಗೆ ನೆಮ್ಮದಿಯಾಗುತ್ತಿತ್ತು. ಇಂದು ಪ್ರತಿ ಕಿವಿಯೂ ಸುಳ್ಳು ಹೇಳುತ್ತಿರುವಂತೆ ಕಾಣುತ್ತಿತ್ತು. ಗುಬ್ಬಿ ಒಂದೊಂದು ಕಂದು ನಾಯಿಯ ಪಕ್ಕದಲ್ಲೂ ನೆಲಕ್ಕೆ ಬಾಗಿ, ಹೊಟ್ಟೆಯ ಮೇಲೆ ಹೊಲಿಗೆಯ ಗೆರೆ ಇದೆಯೇ ಎಂದು ನೋಡುತ್ತ ನಡೆದಳು. ನಾಯಿಗಳಿಗೆ ಅವಮಾನವಾದಂತಾಗಿ ಎದ್ದು ಹೋದವು. ಬಟ್ಟೆ ಹಿಂಡುತ್ತಿದ್ದ ಹೆಂಗಸೊಬ್ಬಳು ಇದನ್ನೆಲ್ಲ ನೋಡಿ ನೋಡಿ, "ಏನಮ್ಮ, ನಾಯಿ ಕೆಳಗೆ ಏನು ಬಿದ್ದೋಯ್ತು? ನಾನೂ ಬಂದು ಹುಡುಕ್ಲಾ?" ಎಂದಳು.

ಬಿಸಿಲೇರಿತು. ಒಂದು ಬೀದಿ ಬಿಟ್ಟು ಇನ್ನೊಂದು, ಮತ್ತೆ ಮೊದಲಿನದೇ. ಡಾಕ್ಟರಮ್ಮ ಒಂದೇ ತಿರುವನ್ನು ಎಷ್ಟು ಸಲ ತಿರುಗಿದರೋ ಅವರಿಗೇ ತಿಳಿಯದು. ಬೀದಿಯ ಆ ಕೊನೆಗೆ, ವ್ಯಾನು ನಿಂತಿದ್ದಲ್ಲಿಗೆ, ಮಾತ್ರ ಹೋಗಿರಲಿಲ್ಲ. ಪ್ರತಿ ಸಲವೂ ಅದಕ್ಕೆ ಸ್ವಲ್ಪ ಮೊದಲೇ ಅವರ ಕಾಲು ಹಿಂದಿರುಗುತ್ತಿತ್ತು. ಗುಬ್ಬಿ ಇದನ್ನು ಕಂಡಿದ್ದಳು, ಬಾಯಿ ಬಿಟ್ಟಿರಲಿಲ್ಲ.

ಕೊನೆಗೆ ತಾಳಲಾರದೆ, "ಮೇಡಂ, ಗಂಡು ನಾಯಿಗಳೆಲ್ಲ ಅಲ್ಲೇ ಇವೆ," ಎಂದಳು.

ಹೌದು. ಕಿವಿ ಕತ್ತರಿಸದ ನಾಲ್ಕೈದು ಗಂಡು ನಾಯಿಗಳು ವ್ಯಾನನ್ನು ಸುತ್ತುತ್ತಿದ್ದವು, ಒಂದನ್ನೊಂದು ಗುರಾಯಿಸುತ್ತ, ಮಲಗುತ್ತ, ಏಳುತ್ತ. ಹೆಣ್ಣು ಬೆದೆಗೆ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಡಾಕ್ಟರಮ್ಮ ಉಸಿರು ಹಿಡಿದು ನಡೆದರು. ಹಿಂದಿನ ಚಕ್ರದ ಬಳಿ ಒಂದು ಬಟ್ಟಲು, ಅದರಲ್ಲಿ ಅರ್ಧ ತಿಂದ ಅನ್ನ. ವ್ಯಾನಿನ ಕೆಳಗೆ ಹಾಸಿದ್ದು ಹೊಲಿದು ಉಳಿದ ಅಸ್ತರು ಬಟ್ಟೆಯ ತುಂಡುಗಳು. ಆ ಹಾಸಿಗೆಯ ಮೇಲೆ, ನೆರಳಿನಲ್ಲಿ, ಸುರುಳಿ ಸುತ್ತಿಕೊಂಡು ರೀಲು ಮಲಗಿತ್ತು. ಬೋಳಿಸಿದ ಹೊಟ್ಟೆಯ ಮೇಲೆ ಕೂದಲು ಮುಳ್ಳು ಮುಳ್ಳಾಗಿ ಹುಟ್ಟುತ್ತಿತ್ತು. ಹೊಲಿಗೆ ಇರಲಿಲ್ಲ.

ಗುಬ್ಬಿ ಮಂಡಿಯೂರಿದಳು. ನಾಯಿ ಹಲ್ಲು ತೋರಿಸಿ ಚಕ್ರದ ಹಿಂದಕ್ಕೆ ಸರಿಯಿತು.

"ಬಿಡಿ ಅದನ್ನ," ಎಂದ ದರ್ಜಿ ಹಿಂದಿನಿಂದ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. "ಒಂದ್ಸಲ ಕುಯ್ದು ಸಾಕಾಗ್ಲಿಲ್ವಾ ನಿಮ್ಗೆ? ಬೆಳಗ್ಗಿಂದ ಹುಡುಕ್ತಾ ಇದೀರಂತೆ."

ಕಂಡಿಲ್ಲ ಎಂದವನೇ ಅದನ್ನು ಬಚ್ಚಿಟ್ಟಿದ್ದ. ಡಾಕ್ಟರಮ್ಮ ಅದನ್ನು ಎತ್ತಿ ಆಡಲಿಲ್ಲ. ಒಂದು ಸಲವೂ ಕೊಯ್ದಿಲ್ಲ, ಕಿವಿ ಮಾತ್ರ ಕತ್ತರಿಸಿ ಕಳಿಸಿದ್ದೇವೆ, ನಮ್ಮಿಂದ ತಪ್ಪಾಗಿದೆ ಎಂದರು. ನಮ್ಮಿಂದ ಅಲ್ಲ, ನನ್ನಿಂದ ಎಂದಳು ಗುಬ್ಬಿ, ನೆಲದ ಮೇಲೇ ಕೂತು. ಏನಾಯಿತೆಂಬುದನ್ನು ಬಿಕ್ಕುತ್ತ ಬಿಕ್ಕುತ್ತ ಅವಳೇ ಹೇಳಿದಳು.

ದರ್ಜಿ ಕುತ್ತಿಗೆಯ ಟೇಪನ್ನು ಎಳೆದು ಮುಷ್ಟಿಗೆ ಸುತ್ತಿಕೊಂಡ. ಈ ಗಂಡುಗಳು ಎರಡು ದಿನದಿಂದ ಯಾಕೆ ಬಂದು ಮುತ್ತಿವೆ ಎಂದು ತಲೆ ಕೆಡಿಸಿಕೊಂಡಿದ್ದನಂತೆ. ಅವುಗಳಲ್ಲಿ ಒಂದು ರೀಲು ಜೊತೆ ಸೇರಿದ್ದನ್ನೂ ನೋಡಿದ್ದನಂತೆ. ಆಪರೇಷನ್ ಆಗಿದೆಯಲ್ಲ, ಏನೂ ಆಗುವುದಿಲ್ಲ ಎಂದು ಪಕ್ಕದವರಿಗೆ ತಾನೇ ಹೇಳಿದ್ದನಂತೆ.

"ಬೀದಿಗೆಲ್ಲ ಹೇಳಿದೀನಿ ನಾನು," ಎಂದ. "ನಾಯಿ ಅಕ್ಕ ಮಾತು ಕೊಟ್ಟಿದಾರೆ, ನೀವೂ ಕೊಡಿ ಅಂತ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಮಾತು ಕೊಟ್ಟವಳು ಈಗ ಇಲ್ಲ," ಎಂದರು ಡಾಕ್ಟರಮ್ಮ. "ನಾನಿದೀನಿ. ಅವಳ ಮಾತು ನನ್ ತಲೆ ಮೇಲಿದೆ. ಅದು ಇಳಿಯೋವರೆಗೂ ದೇವರ ಮುಂದೆ ಕೂತ್ರೂ ಕೂತ ಹಾಗಾಗ್ತಿಲ್ಲ ನಂಗೆ. ನಾಯೀನ ನನ್ ಕೈಗೆ ಕೊಡಿ."

ದರ್ಜಿ ಅವರನ್ನೇ ನೋಡಿದ. ಆಮೇಲೆ ಅಂಗಡಿಗೆ ಹೋಗಿ, ಮಡಚಿ ಇಟ್ಟಿದ್ದ ಒಂದು ಕೋಟನ್ನು ತಂದ. ತಂಗಿಯ ಖಾಕಿ ಕೋಟು, ನಾಯಿ ಕೂದಲು ಮೆತ್ತಿಕೊಂಡದ್ದು. ಸಾವಿನ ಮನೆಗೆ ತರಲು ಮನಸ್ಸು ಬರಲಿಲ್ಲ ಎಂದ. ಅಂದು ಬೆಳಿಗ್ಗೆ ಬಂದವಳು ಅದನ್ನು ಬಿಚ್ಚಿ ಕೊಟ್ಟು, ಜೇಬು ತೂತಾಗಿದೆ, ಬೇಗ ಹೊಲಿದುಕೊಡಿ, ನನಗೆ ಕೂರಲು ಪುರುಸೊತ್ತಿಲ್ಲ ಎಂದಳಂತೆ. ಹಾಗೆನ್ನುತ್ತಲೇ ಕೂತಳಂತೆ. ಅವನು ದಾರ ಪೋಣಿಸಿ ತಲೆಯೆತ್ತುವುದರೊಳಗೆ ಗೋಡೆಗೆ ಒರಗಿದ್ದಳಂತೆ. ಮೊದಲು ನಿದ್ದೆ ಎಂದುಕೊಂಡನಂತೆ.

ತೂತಾಗಿದ್ದ ಜೇಬನ್ನು ಅವನು ಹೊಲಿದಿದ್ದ. ಇನ್ನೊಂದು ಜೇಬಿಗೆ ಕೈ ಹಾಕಿರಲಿಲ್ಲ. ಡಾಕ್ಟರಮ್ಮ ಹಾಕಿದರು. ವ್ಯಾನಿನ ಕೀಲಿ ಕೈಗೆ ತಣ್ಣಗೆ ತಾಗಿತು.

ರೀಲುವನ್ನು ದರ್ಜಿಯೇ ತೋಳಲ್ಲಿ ಎತ್ತಿಕೊಂಡು ವ್ಯಾನು ಹತ್ತಿದ. ಡಾಕ್ಟರಮ್ಮ ಓಡಿಸಿದರು. ಗಂಡು ನಾಯಿಗಳು ತಿರುವಿನವರೆಗೂ ಓಡಿಬಂದವು.

ನಾಯಿ ಅನ್ನ ತಿಂದಿತ್ತು. ಹೊಟ್ಟೆ ಖಾಲಿಯಾಗಲೆಂದು ಮರುದಿನದವರೆಗೆ ಕಾಯಬೇಕಾಯಿತು. ಬೆದೆಯಲ್ಲಿರುವಾಗ ಕೊಯ್ದರೆ ರಕ್ತ ಹೆಚ್ಚು, ಸಾಧ್ಯವಾದರೆ ಕಾಯಿರಿ ಎಂದು ತರಗತಿಯಲ್ಲಿ ಹೇಳುತ್ತಿದ್ದವರು ಡಾಕ್ಟರಮ್ಮನೇ. ಆದರೆ ಗಂಡು ಸೇರಿಯಾಗಿತ್ತು. ಕಾದರೆ ಮರಿ ನಿಲ್ಲುತ್ತದೆ. ಪ್ರಾರ್ಥನೆಯ ದಿನ ಬೆಳಿಗ್ಗೆ, ಮಧ್ಯಾಹ್ನದೊಳಗೆ ಬಂದುಬಿಡುತ್ತೇನೆ ಎಂದು ಸೋದರತ್ತೆಗೆ ಮಾತು ಕೊಟ್ಟು ಅವರು ಶೆಲ್ಟರಿಗೆ ಬಂದರು. ನಿಮ್ಮಿಬ್ಬರಿಗೂ ಮಾತು ಕೊಡುವುದೊಂದು ರೋಗ ಎಂದರು ಸೋದರತ್ತೆ. ದರ್ಜಿ ಆಗಲೇ ಶೆಲ್ಟರಿನ ಜಗಲಿಯ ಮೇಲೆ ಕೂತಿದ್ದ.

ಹೊಟ್ಟೆ ತೆರೆದವರು ಡಾಕ್ಟರಮ್ಮ. ಕಿರಿಯ ಡಾಕ್ಟರು ಮಂಪರು ನೋಡಿಕೊಳ್ಳುತ್ತಿದ್ದರು, ಗುಬ್ಬಿ ಎದುರಿಗೆ ಗವುಸು ತೊಟ್ಟು ನಿಂತಿದ್ದಳು. ಒಳಗಿನ ರಕ್ತನಾಳಗಳು ಊದಿ ದಪ್ಪವಾಗಿದ್ದವು. ಅಂಡಾಶಯದ ಬುಡಕ್ಕೆ ದಾರ ಸುತ್ತಲು ಹೋದಾಗ ಡಾಕ್ಟರಮ್ಮನ ಕೈ ನಡುಗಿತು. ನಿಲ್ಲಿಸಿದರು. ಮತ್ತೆ ಹೋದರು, ಮತ್ತೆ ನಡುಗಿತು. ಇಷ್ಟು ದಿನ ಮನೆಯಲ್ಲಿ ಕಾಲಿಗಿದ್ದ ಚಡಪಡಿಕೆ ಬೆರಳಿಗೆ ಇಳಿದಿತ್ತು. ಇದು ತಂಗಿಯ ಮಾತು, ತಾವೇ ನಡೆಸಬೇಕೆಂದು ಅವರು ಹಟ ತೊಟ್ಟು ಬಂದಿದ್ದರು. ಅಲ್ಲಿ ಒಂದು ಗಂಟು ಜಾರಿದರೆ ನಾಯಿ ಉಳಿಯುವುದಿಲ್ಲ.

"ಬಾ ಈ ಕಡೆ," ಎಂದರು ಗುಬ್ಬಿಗೆ.

"ನಾನಾ ಮೇಡಂ?"

"ಇಲ್ಲಿ ಗಂಟು ಕಲಿತವರು ಇನ್ಯಾರಿದಾರೆ?"

ಗುಬ್ಬಿ ಬಂದು ನಿಂತಳು. ಮೊದಲು ಹಾಕಿದ ಗಂಟನ್ನು ನೋಡಿ, ಬಿಚ್ಚು ಎಂದರು ಡಾಕ್ಟರಮ್ಮ. ಎರಡನೆಯದನ್ನೂ ಬಿಚ್ಚಿಸಿದರು. ದನಿಯಲ್ಲಿ ಕೋಪವಿರಲಿಲ್ಲ. ಹುಡುಗಿ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದು ಮತ್ತೆ ಸುತ್ತಿ ಎಳೆದಳು. ಡಾಕ್ಟರಮ್ಮ ಬೆರಳ ತುದಿಯಿಂದ ತಟ್ಟಿ ನೋಡಿದರು, ಏನೂ ಹೇಳಲಿಲ್ಲ. ಹೇಳದೆ ಇರುವುದೇ ಅವರ ಶಾಭಾಸ್. ಹಿಡಿತ ಸಡಿಲಿಸಿ ಎಲ್ಲರೂ ನೋಡುತ್ತ ನಿಂತರು. ರಕ್ತ ಒಸರಲಿಲ್ಲ. ಇನ್ನೊಂದು ಕಡೆಯದೂ ಹಾಗೇ ಆಯಿತು. ಗರ್ಭಕೋಶ ಹೊರಗೆ ಬಂತು, ಕಡಿಮೆಯಿದ್ದ ಡಬ್ಬಕ್ಕೆ ಹೋಯಿತು.

ಹೊಟ್ಟೆ ಹೊಲಿದು ಮುಗಿಸಿ ಗುಬ್ಬಿ ಅಭ್ಯಾಸದಂತೆ ಕಿವಿಗೆಂದು ಕತ್ತರಿ ತೆಗೆದುಕೊಂಡಳು. ತೆಗೆದುಕೊಂಡು ಹಾಗೇ ನಿಂತಳು. ಕಿವಿಯ ಗಾಯ ಆಗಲೇ ಮಾಗಿತ್ತು. ಕತ್ತರಿಯನ್ನು ತಟ್ಟೆಯಲ್ಲಿ ಸದ್ದಾಗದಂತೆ ಇಟ್ಟಳು.

ರೀಲು ಕಣ್ಣು ಬಿಡುವವರೆಗೆ ದರ್ಜಿ ಗೂಡಿನ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ಹೊಟ್ಟೆಯ ಮೇಲಿನ ಹೊಲಿಗೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ಇದು ಯಾರ ಕೈ ಎಂದು ಕೇಳಿದ. ಗುಬ್ಬಿ ಹೆದರುತ್ತ ತನ್ನದೆಂದಳು.

"ಒತ್ತಾಗಿ ಹಾಕಿದೀಯ. ದಾರ ದಂಡ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಪಕ್ಕದ ಮನೇದೂ ಒಂದು ಹೆಣ್ಣು ನಾಯಿ ಇದೆ. ಹೇಳಿ ನೋಡ್ತೀನಿ. ಅದಕ್ಕೆ ಕಿವಿ ಕೊನೇಲಿ ಮಾಡು," ಎಂದ.

ಡಾಕ್ಟರಮ್ಮ ಹೊರಗಿನ ನಲ್ಲಿಯಲ್ಲಿ ಕೈ ತೊಳೆದರು. ಮನೆಯಲ್ಲಿ ಜನ ಸೇರುವ ಹೊತ್ತು ಹತ್ತಿರವಾಗುತ್ತಿತ್ತು. ಜಗಲಿಯ ಮೇಲಿದ್ದ ತಂಗಿಯ ಕೋಟನ್ನು ಕೈಗೆತ್ತಿಕೊಂಡರು, ಹೊಸ ಹೊಲಿಗೆಯ ಜೇಬಿನೊಳಗೆ ಕೈಯಿಟ್ಟರು. ಕೈ ನಡುಗುತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕೂತಿದ್ದೇನೆ ಎಂಬುದು ಅವರಿಗೆ ತಿಳಿದದ್ದು ಸ್ವಲ್ಪ ಹೊತ್ತಾದ ಮೇಲೆ. ಮೊದಲ ಮಾತು ಬಂತು, ಎರಡನೆಯದೂ ಬಂತು, ಮನಸ್ಸು ಎದ್ದು ಹೋಗಲಿಲ್ಲ.

ದೇವರೇ, ನನ್ನ ತಂಗಿಯನ್ನು ನಿನ್ನ ಬಳಿಗೆ ಕರೆಸಿಕೊಂಡಿದ್ದೀಯೆ. ಅವಳು ಕೊಟ್ಟ ಮಾತು ಇಲ್ಲಿ ತೀರಿದೆ, ಅವಳ ಮೇಲೆ ಈ ಲೋಕದ ಋಣ ಯಾವುದೂ ಉಳಿದಿಲ್ಲ. ಕೂರುವುದು ಅವಳಿಗೆ ಗೊತ್ತಿಲ್ಲ, ತಂದೆಯೇ. ಒಮ್ಮೆಲೇ ಕೂರು ಎನ್ನಬೇಡ. ಸ್ವಲ್ಪ ದೂರ ನಡೆಯಲು ಬಿಡು, ಅಲ್ಲಿಯ ಬೀದಿಗಳನ್ನು ನೋಡಿಕೊಂಡು ಬರಲಿ. ದಣಿದು ಬಂದಾಗ ನಿನ್ನ ಮೆಟ್ಟಿಲ ಮೇಲೆ ಜಾಗ ಕೊಡು, ಒರಗಲು ಗೋಡೆ ಕೊಡು. ಯಾರೂ ಅವಳನ್ನು ಎಬ್ಬಿಸದಿರಲಿ. ಅವಳ ಆತ್ಮಕ್ಕೆ ಶಾಂತಿ ಕೊಡು.